ಸಿವಿಲ್ ಡ್ರೆಸ್‌ನಲ್ಲಿ ಸಲ್ಯೂಟ್: ಮಾಜಿ ಸೈನಿಕರು ಎಲ್ಲಿ ಕೈ ಎತ್ತಬೇಕು, ಎಲ್ಲಿ ಸಾವಧಾನ್ ಸಾಕು

ಪಿಂಚಣಿಗೆ ಬಂದ ಮೇಲೆ ನನ್ನ ಮೊದಲ ಆಗಸ್ಟ್ 15. ಊರಿನ ಹೈಸ್ಕೂಲ್ ಮೈದಾನದಲ್ಲಿ ಬಿಳಿ ಅಂಗಿ, ಕಪ್ಪು ಪ್ಯಾಂಟ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದೆ. ಬಾವುಟ ಬಿಚ್ಚಿಕೊಂಡಿತು. ಮಕ್ಕಳು 'ಜನಗಣಮನ' ಶುರು ಮಾಡಿದರು. ನನ್ನ ಬಲಗೈ ತಾನಾಗಿಯೇ ಮೇಲಕ್ಕೆ ಹೊರಟಿತು. ಎದೆ ಮಟ್ಟಕ್ಕೆ ಬಂದಾಗ ತಲೆ ಮೇಲೆ ಟೋಪಿ ಇಲ್ಲ ಅನ್ನೋದು ನೆನಪಾಯಿತು. ಕೈ ಇಳಿಸಿದೆ. ಆಮೇಲೆ ಪೂರ್ತಿ 52 ಸೆಕೆಂಡ್ ನನ್ನ ಮನಸ್ಸು ರಾಷ್ಟ್ರಗೀತೆಯಲ್ಲಿ ಇರಲಿಲ್ಲ, ಆ ಕೈಯಲ್ಲಿತ್ತು.

ಆಮೇಲಿನ ವರ್ಷಗಳಲ್ಲಿ ಎಷ್ಟೋ ಮಾಜಿ ಸೈನಿಕರು ಇದೇ ಪ್ರಶ್ನೆ ಕೇಳಿದ್ದಾರೆ. ಸಿವಿಲ್ ಡ್ರೆಸ್‌ನಲ್ಲಿ ಸಲ್ಯೂಟ್ ಮಾಡಬಹುದಾ? ಮಾಡದಿದ್ದರೆ ಅಗೌರವ ಆಗುತ್ತಾ? ಮೆಡಲ್ ಹಾಕಿಕೊಂಡಿದ್ದರೆ? ನಾನೇ ಚೀಫ್ ಗೆಸ್ಟ್ ಆಗಿದ್ದರೆ? ಒಂದೊಂದಾಗಿ ನೋಡೋಣ.

ಮೊದಲು ನಿಯಮ ಏನು ಹೇಳುತ್ತೆ

ನಮ್ಮ ದೇಶದಲ್ಲಿ ಇದಕ್ಕೆ ಆಧಾರ 2002ರ ಜನವರಿ 26ರಂದು ಜಾರಿಗೆ ಬಂದ ಭಾರತದ ಧ್ವಜ ಸಂಹಿತೆ. ಬಾವುಟ ಏರಿಸುವಾಗ, ಇಳಿಸುವಾಗ, ಪರೇಡ್‌ನಲ್ಲಿ ಬಾವುಟ ಸಾಗುವಾಗ ಅಲ್ಲಿರುವ ಎಲ್ಲರೂ ಬಾವುಟದ ಕಡೆ ಮುಖ ಮಾಡಿ ಸಾವಧಾನ್ ಸ್ಥಿತಿಯಲ್ಲಿ ನಿಲ್ಲಬೇಕು. ಸಮವಸ್ತ್ರದಲ್ಲಿ ಇರುವವರು ತಮ್ಮ ಪದ್ಧತಿಯಂತೆ ಸಲ್ಯೂಟ್ ಮಾಡಬೇಕು. ಅಷ್ಟೇ. ಎಲ್ಲರಿಗೂ ಸಾವಧಾನ್, ಯೂನಿಫಾರ್ಮ್‌ನಲ್ಲಿ ಇರುವವರಿಗೆ ಸಲ್ಯೂಟ್.

2015ರ ಗಣರಾಜ್ಯೋತ್ಸವದ ಪರೇಡ್ ನೆನಪಿದೆಯಾ? ಆಗಿನ ಉಪರಾಷ್ಟ್ರಪತಿ ಹಮೀದ್ ಅನ್ಸಾರಿ ಸಲ್ಯೂಟ್ ಮಾಡಲಿಲ್ಲ ಅಂತ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಗಲಾಟೆಯಾಯಿತು. ಅವರ ಕಚೇರಿ ಸ್ಪಷ್ಟನೆ ಕೊಟ್ಟಿತು: ಮುಖ್ಯ ಗಣ್ಯರು ಮತ್ತು ಸಮವಸ್ತ್ರದಲ್ಲಿರುವವರು ಸಲ್ಯೂಟ್ ಮಾಡುತ್ತಾರೆ, ಸಾದಾ ಉಡುಪಿನಲ್ಲಿರುವವರು ಸಾವಧಾನ್‌ನಲ್ಲಿ ನಿಲ್ಲುತ್ತಾರೆ. ಅವತ್ತು ಫೋಟೋದಲ್ಲಿ ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದವರೇ ನಿಯಮ ಪಾಲಿಸಿದ್ದರು.

ಗೊಂದಲ ಜಾಸ್ತಿ ಮಾಡಿರೋದು ವಾಟ್ಸಾಪ್. 'ಮಾಜಿ ಸೈನಿಕರು ಸಿವಿಲ್ ಡ್ರೆಸ್‌ನಲ್ಲೂ ಸಲ್ಯೂಟ್ ಮಾಡಬಹುದು, ಕಾನೂನೇ ಇದೆ' ಅಂತ ಯಾರಾದರೂ ಹೇಳಿದರೆ ಅದು ಅಮೆರಿಕದ ಕಾನೂನು. ಅಲ್ಲಿ 2008ರಲ್ಲಿ ಎರಡು ತಿದ್ದುಪಡಿ ಬಂದವು. ಬಾವುಟ ಏರಿಸುವಾಗ ಮತ್ತು ಅವರ ರಾಷ್ಟ್ರಗೀತೆ ನುಡಿಸುವಾಗ ಯೂನಿಫಾರ್ಮ್ ಇಲ್ಲದ ಮಾಜಿ ಸೈನಿಕರೂ ಸೇನಾ ಸಲ್ಯೂಟ್ ಮಾಡಬಹುದು ಅಂತ ಆಯಿತು. ಅದು ಅವರಿಗೆ ಸರಿ. ನಮ್ಮ ಧ್ವಜ ಸಂಹಿತೆಯ ಸಾಲು ಬೇರೆ. ಎದೆ ಮೇಲೆ ಕೈ ಇಟ್ಟುಕೊಳ್ಳೋದೂ ಅಲ್ಲಿಯ ಪದ್ಧತಿಯೇ. ನಮ್ಮಲ್ಲಿ ಎಷ್ಟೋ ಜನ ಭಕ್ತಿಯಿಂದಲೇ ಹಾಗೆ ಮಾಡುತ್ತಾರೆ, ಆದರೆ ನಮ್ಮ ಸಂಹಿತೆಯಲ್ಲಿ ಅದಿಲ್ಲ.

ಟೋಪಿಗೂ ಸಲ್ಯೂಟ್‌ಗೂ ಏನು ನಂಟು

ರಂಗರೂಟ್ ಆಗಿದ್ದಾಗ, ಅಂದರೆ ಹೊಸದಾಗಿ ಸೇರಿ ತರಬೇತಿಯಲ್ಲಿದ್ದಾಗ, ಡ್ರಿಲ್ ಕಲಿಸುವ ಉಸ್ತಾದ್ ಹೇಳಿಕೊಟ್ಟ ಪಾಠ ಇದು: ತಲೆ ಮೇಲೆ ಟೋಪಿ ಇಲ್ಲ ಅಂದರೆ ಸಲ್ಯೂಟ್ ಇಲ್ಲ. ಸಾವಧಾನ್ ಆಗಿ ನಿಂತು, ಮುಖ ಅಧಿಕಾರಿಯ ಕಡೆ ತಿರುಗಿಸಿ 'ಜೈ ಹಿಂದ್ ಸಾಬ್' ಅನ್ನಬೇಕು. ಇದು ಬ್ರಿಟಿಷ್ ಪದ್ಧತಿಯಿಂದ ಬಂದದ್ದು. ಅಲ್ಲಿ ಹಿಂದೆ ಸಿಪಾಯಿಗಳು ಅಧಿಕಾರಿ ಎದುರು ಬಂದಾಗ ಟೋಪಿ ತೆಗೆದು ಗೌರವ ಕೊಡುತ್ತಿದ್ದರು. 1745ರಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಪಡೆಯಲ್ಲಿ, ಟೋಪಿ ತೆಗೆಯೋದು ಬೇಡ, ಕೈಯನ್ನು ಟೋಪಿಗೆ ಮುಟ್ಟಿಸಿ ತಲೆ ಬಾಗಿಸಿದರೆ ಸಾಕು ಅಂತ ಆದೇಶ ಆಯಿತು. ಟೋಪಿ ತೆಗೆಯುವ ಬದಲಿಗೆ ಬಂದ ಕೈ ಅದು. ಹಾಗಾಗಿ ಟೋಪಿಯೇ ಇಲ್ಲದ ತಲೆಗೆ ಕೈ ಒಯ್ದರೆ ಹಳೆಯ ಸೈನಿಕರಿಗೆ ಏನೋ ತಪ್ಪಿದ ಹಾಗೆ ಕಾಣುತ್ತೆ.

ಇದನ್ನು ನಾನು ಕಳೆದುಕೊಂಡದ್ದು ಅಂತ ಅಂದುಕೊಳ್ಳೋದಿಲ್ಲ. ಯೂನಿಫಾರ್ಮ್ ಪೆಟ್ಟಿಗೆಗೆ ಹೋಯಿತು, ಸಲ್ಯೂಟ್ ಅದರ ಜೊತೆಗೇ ಹೋಯಿತು. ಸಾವಧಾನ್ ಮಾತ್ರ ನಮ್ಮ ಜೊತೆ ಮನೆಗೆ ಬಂತು.

ಮನೆಯಿಂದ ಹೊರಡುವ ಮುಂಚೆ

ಉಡುಪು ಸರಳವಾಗಿರಲಿ, ಇಸ್ತ್ರಿ ಆಗಿರಲಿ. ಬ್ಲೇಜರ್ ಇದ್ದರೆ ಚೆಂದ, ಇಲ್ಲದಿದ್ದರೆ ತುಂಬು ತೋಳಿನ ಅಂಗಿ ಸಾಕು. ಬೂಟು ಹೊಳೆಯಲಿ.

ಮೆಡಲ್ ಧರಿಸುವ ಹಾಗಿದ್ದರೆ ಎಡ ಎದೆಯ ಮೇಲೆ, ಒಂದೇ ಸಾಲಿನಲ್ಲಿ. ಹೆಚ್ಚಿನ ದರ್ಜೆಯ ಮೆಡಲ್ ಎದೆಯ ಮಧ್ಯಕ್ಕೆ ಹತ್ತಿರ ಬರಬೇಕು. ಹಿಂದಿನ ರಾತ್ರಿಯೇ ಪಿನ್ ಮಾಡಿ, ಕನ್ನಡಿ ಮುಂದೆ ನಿಂತು ನೋಡಿ. ಬಾರ್ ಒಂದು ಕಡೆ ಜೋತು ಬಿದ್ದರೆ ದೂರದಿಂದಲೇ ಕಾಣುತ್ತೆ. ಅಂಗಿಯ ಬಟ್ಟೆ ತೆಳುವಾಗಿದ್ದರೆ ಒಳಗಡೆ ಒಂದು ತುಂಡು ದಪ್ಪ ಬಟ್ಟೆ ಇಟ್ಟು ಪಿನ್ ಹಾಕಿ, ಭಾರಕ್ಕೆ ಅಂಗಿ ಜಗ್ಗೋದಿಲ್ಲ. ಹುತಾತ್ಮನ ಮೆಡಲ್ ಅನ್ನು ಹೆಂಡತಿ, ಮಕ್ಕಳು ಅಥವಾ ತಂದೆ-ತಾಯಿ ಶ್ರದ್ಧಾಂಜಲಿ ಕಾರ್ಯಕ್ರಮದಲ್ಲಿ ಧರಿಸುವಾಗ ಬಲ ಎದೆಯ ಮೇಲೆ ಹಾಕಿಕೊಳ್ಳುತ್ತಾರೆ. ಬಲಗಡೆ ಮೆಡಲ್ ಕಂಡರೆ 'ತಪ್ಪು ಕಡೆ ಹಾಕಿದ್ದೀರಿ' ಅಂತ ತಿದ್ದೋಕೆ ಹೋಗಬೇಡಿ. ಅದು ಇನ್ನಿಲ್ಲದವನ ಮೆಡಲ್.

ಹಳೆಯ ಯೂನಿಫಾರ್ಮ್‌ನ ತುಂಡುಗಳನ್ನು ಸಿವಿಲ್ ಬಟ್ಟೆಯ ಜೊತೆ ಬೆರೆಸಬೇಡಿ. ಕಾಂಬ್ಯಾಟ್ ಅಂಗಿಗೆ ಜೀನ್ಸ್ ಹಾಕೋದು, ಭುಜಕ್ಕೆ ರ‍್ಯಾಂಕ್ ಸಿಕ್ಕಿಸಿಕೊಳ್ಳೋದು ಬೇಡ. ಸೇನೆಯಲ್ಲಿ ಇಲ್ಲದವರು ಸೈನಿಕ ಅಂತ ನಂಬಿಸೋಕೆ ಸೈನಿಕರ ಉಡುಪು ಅಥವಾ ಗುರುತು ಧರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನೀವು ಮೋಸ ಮಾಡುವ ಜನ ಅಲ್ಲ. ಆದರೆ ಪ್ರತಿ ರ‍್ಯಾಲಿಯಲ್ಲೂ ಅರ್ಧಂಬರ್ಧ ಯೂನಿಫಾರ್ಮ್ ಕಂಡು ಕಂಡು ಜನಕ್ಕೆ ನಿಜವಾದ ಸೈನಿಕ ಯಾರು ಅನ್ನೋದೇ ಗೊತ್ತಾಗದ ಹಾಗಾಗಿದೆ. ಅದಕ್ಕೆ ನಾವು ಸೇರೋದು ಬೇಡ.

ಧ್ವಜಾರೋಹಣ: ಹೆಜ್ಜೆ ಹೆಜ್ಜೆಯಾಗಿ

ಹತ್ತು ನಿಮಿಷ ಮುಂಚೆ ಜಾಗ ಹಿಡಿಯಿರಿ. ಬಾವುಟದ ಕಂಬ ನೇರ ಕಾಣುವ ಜಾಗ ಆಗಿರಲಿ. ಆಮೇಲೆ ಕೈ ಖಾಲಿ ಮಾಡಿಕೊಳ್ಳಿ. ಇದನ್ನು ಯಾರೂ ಹೇಳೋದಿಲ್ಲ, ಆದರೆ ಗಡಿಬಿಡಿ ಆಗೋದೆಲ್ಲ ಇಲ್ಲೇ. ಮೊಬೈಲ್ ಸೈಲೆಂಟ್ ಮಾಡಿ ಜೇಬಿಗೆ, ಛತ್ರಿ ಕಾಲ ಬಳಿ, ಕೊಟ್ಟ ಹೂಗುಚ್ಛ ಕುರ್ಚಿಯ ಮೇಲೆ. ಬಿಸಿಲಿಗೆ ಹಾಕಿಕೊಂಡ ಕ್ರಿಕೆಟ್ ಕ್ಯಾಪ್ ಇದ್ದರೆ ತೆಗೆದುಬಿಡಿ. ಪೇಟ, ಪಗಡಿ ಹಾಗೇ ಇರಲಿ.

'ಸಾವಧಾನ್' ಕೂಗು ಬಂದ ಕೂಡಲೇ ಹಿಮ್ಮಡಿ ಎರಡೂ ಸೇರಲಿ, ಪಾದಗಳ ನಡುವೆ 30 ಡಿಗ್ರಿ ಕೋನ. ಮಂಡಿ ನೇರ. ಎರಡೂ ಕೈ ಪಕ್ಕಕ್ಕೆ, ಮುಷ್ಟಿ ಹಗುರಾಗಿ ಮುಚ್ಚಿರಲಿ, ಹೆಬ್ಬೆರಳು ಪ್ಯಾಂಟಿನ ಹೊಲಿಗೆಯ ಗೆರೆಗೆ ತಾಗಿ ಮುಂದಕ್ಕೆ ನೋಡುತ್ತಿರಲಿ. ಭುಜ ಹಿಂದಕ್ಕೆ, ಗದ್ದ ಸ್ವಲ್ಪ ಮೇಲೆ. ಸೀರೆ ಉಟ್ಟ ಮಾಜಿ ಮಿಲಿಟರಿ ನರ್ಸ್ ಒಬ್ಬರು ಹೀಗೆ ನಿಂತದ್ದನ್ನು ನೋಡಿದ್ದೇನೆ. ಸೆರಗು ಗಾಳಿಗೆ ಹಾರಿ ಮುಖಕ್ಕೆ ಬಂತು. ಅವರು ಕೈ ಅಲ್ಲಾಡಿಸಲಿಲ್ಲ. ಅವರಿಗೆ ಯಾವ ಸಲ್ಯೂಟೂ ಬೇಕಿರಲಿಲ್ಲ, ಇಡೀ ಸಾಲಿನಲ್ಲಿ ಯಾರು ಸೇವೆಯಲ್ಲಿದ್ದವರು ಅನ್ನೋದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಬಾವುಟ ಬಿಚ್ಚಿಕೊಂಡಾಗ ಕಣ್ಣು ಬಾವುಟದ ಮೇಲೆ. ರಾಷ್ಟ್ರಗೀತೆ ಪೂರ್ತಿ ಹಾಡಿದರೆ ಸುಮಾರು 52 ಸೆಕೆಂಡ್. ಕೆಲವು ಸಂದರ್ಭಗಳಲ್ಲಿ ಮೊದಲ ಮತ್ತು ಕೊನೆಯ ಸಾಲು ಮಾತ್ರ ನುಡಿಸುತ್ತಾರೆ, ಅದು ಸುಮಾರು 20 ಸೆಕೆಂಡ್. ಎರಡಕ್ಕೂ ಸಾವಧಾನ್ ಒಂದೇ. ಹಾಡಬಹುದು, ಹಾಡಿ. ಮಕ್ಕಳು ಹಾಡುವಾಗ ಹಿರಿಯರು ಬಾಯಿ ಮುಚ್ಚಿ ನಿಂತರೆ ನನಗೆ ಬೇಸರವಾಗುತ್ತೆ. 'ಜಯ ಹೇ' ಕೊನೆಯ ಸಲ ಮುಗಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ಹಾಗೇ ಇರಿ. 'ವಿಶ್ರಾಮ್' ಕೇಳಿದ ಮೇಲೆ ಸಡಿಲ ಬಿಡಿ.

ಪರೇಡ್ ಸಾಗುವಾಗ ಬಾವುಟ ನಿಮ್ಮ ಮುಂದೆ ಹಾದುಹೋಗುತ್ತೆ. ಕೂತಿದ್ದರೆ ಎದ್ದು ನಿಂತು, ಅದು ದಾಟುವವರೆಗೆ ಸಾವಧಾನ್‌ನಲ್ಲಿರಿ. ಒಳಾಂಗಣ ಸಭೆಯ ಕೊನೆಯಲ್ಲಿ ರಾಷ್ಟ್ರಗೀತೆ ಬಂದರೂ ಹೀಗೆಯೇ. ನಾಡಗೀತೆಗೆ ಎದ್ದು ಗೌರವದಿಂದ ನಿಂತರೆ ಸಾಕು.

ಬೆರೆ ಟೋಪಿ, ಮೆಡಲ್ ಎರಡೂ ಹಾಕಿಕೊಂಡಿದ್ದರೆ?

ಇದು ಕಷ್ಟದ ಪ್ರಶ್ನೆ. ಮಾಜಿ ಸೈನಿಕರ ಸಂಘದವರು ಬ್ಲೇಜರ್, ಮೆಡಲ್, ರೆಜಿಮೆಂಟಿನ ಬೆರೆ (ಅಂಚಿಲ್ಲದ ಮೆತ್ತನೆಯ ಸೇನಾ ಟೋಪಿ) ಹಾಕಿಕೊಂಡು ಸಾಲಾಗಿ ನಿಂತಾಗ ಸಲ್ಯೂಟ್ ಮಾಡೋದನ್ನು ನೀವೂ ನೋಡಿರುತ್ತೀರಿ. ಸಂಹಿತೆಯ ಅಕ್ಷರ ಹಿಡಿದರೆ ಬ್ಲೇಜರ್ ಯೂನಿಫಾರ್ಮ್ ಅಲ್ಲ. ಸಾವಧಾನ್ ಮಾಡಿದರೆ ಎಲ್ಲಿಯೂ, ಎಂದಿಗೂ ತಪ್ಪಾಗೋದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ದಳದ ಜೊತೆ ಇರಿ. ನಿಮ್ಮ ಸಾಲಿಗೆ ಒಬ್ಬ ಹಿರಿಯರು ಕಮಾಂಡ್ ಕೊಡುತ್ತಿದ್ದು, ಎಲ್ಲರ ತಲೆ ಮೇಲೂ ಬೆರೆ ಇದ್ದು, ಅವರು ಸಲ್ಯೂಟ್ ಕೂಗಿದರೆ ಎಲ್ಲರ ಜೊತೆ ಮಾಡಿ. ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಸಾಲಿನಲ್ಲಿ ಇಪ್ಪತ್ತು ಜನ ಸಾವಧಾನ್‌ನಲ್ಲಿದ್ದು ನೀವೊಬ್ಬರೇ ಕೈ ಎತ್ತೋದು ಬೇಡ, ಇಪ್ಪತ್ತು ಕೈ ಏರಿದಾಗ ನಿಮ್ಮದೊಂದೇ ಇಳಿದಿರೋದೂ ಬೇಡ.

ಕೈ ಎತ್ತುವ ಹಾಗಿದ್ದರೆ ನಿಮ್ಮ ಸೇವೆಯ ಪದ್ಧತಿಯಲ್ಲೇ ಎತ್ತಿ. ಭೂಸೇನೆಯಲ್ಲಿ ಅಂಗೈ ಪೂರ್ತಿ ಮುಂದಕ್ಕೆ ಕಾಣುತ್ತೆ, ಬೆರಳುಗಳು ಸೇರಿರುತ್ತವೆ. ನೌಕಾಪಡೆಯಲ್ಲಿ ಅಂಗೈ ನೆಲದ ಕಡೆ ಮುಖ ಮಾಡಿರುತ್ತೆ. ವಾಯುಪಡೆಯವರು 2006ರಿಂದ ಅಂಗೈಯನ್ನು ನೆಲಕ್ಕೆ 45 ಡಿಗ್ರಿ ಕೋನದಲ್ಲಿ ಹಿಡಿಯುತ್ತಾರೆ, ಎರಡರ ನಡುವೆ. 2006ಕ್ಕೆ ಮುಂಚೆ ನಿವೃತ್ತರಾದ ವಾಯುಪಡೆಯ ಹಿರಿಯರ ಕೈ ಇನ್ನೂ ಹಳೆಯ ರೀತಿಯಲ್ಲೇ ಏಳುತ್ತೆ. ಅದನ್ನು ಯಾರೂ ತಪ್ಪು ಅನ್ನಬಾರದು, ಆ ಕೈ ಕಲಿತದ್ದು ಹಾಗೆ.

ನೀವೇ ಬಾವುಟ ಏರಿಸುವವರಾದರೆ

ಈಗೀಗ ಶಾಲೆಗಳು, ಬಡಾವಣೆಯ ಸಂಘಗಳು ಮಾಜಿ ಸೈನಿಕರನ್ನು ಧ್ವಜಾರೋಹಣಕ್ಕೆ ಕರೆಯುತ್ತಿವೆ. ತುಂಬಾ ಒಳ್ಳೆಯ ಬೆಳವಣಿಗೆ. ಇಲ್ಲಿ ನಿಮ್ಮ ಸ್ಥಾನ ಬದಲಾಗುತ್ತೆ. ಗೌರವ ವಂದನೆ ಸ್ವೀಕರಿಸುವ ಗಣ್ಯರು ಟೋಪಿ ಇಲ್ಲದೆಯೂ ಸಲ್ಯೂಟ್ ಸ್ವೀಕರಿಸಬಹುದು ಅಂತ ಧ್ವಜ ಸಂಹಿತೆಯೇ ಹೇಳುತ್ತೆ. ಸಿವಿಲ್ ಉಡುಪಿನಲ್ಲಿರುವ ಮಂತ್ರಿಗಳು, ಜಿಲ್ಲಾಧಿಕಾರಿಗಳು ಪರೇಡ್ ಮೈದಾನದಲ್ಲಿ ಬರಿದಲೆಯಲ್ಲಿ ಕೈ ಎತ್ತೋದು ಇದೇ ಕಾರಣಕ್ಕೆ.

ಹಿಂದಿನ ದಿನವೇ ಒಮ್ಮೆ ಹೋಗಿ ಕಂಬ ನೋಡಿ. ಬಾವುಟದ ಕೇಸರಿ ಪಟ್ಟಿ ಮೇಲಿದೆಯಾ, ಗಂಟು ಒಂದೇ ಎಳೆತಕ್ಕೆ ಬಿಚ್ಚುತ್ತಾ, ರಾಟೆ ತುಕ್ಕು ಹಿಡಿದಿದೆಯಾ, ಎಲ್ಲ ಪರೀಕ್ಷೆ ಮಾಡಿ. ನಾನು ಒಂದು ಕಡೆ ಇದನ್ನು ನೋಡದೆ ಹೋಗಿ, ನೂರಾರು ಮಕ್ಕಳ ಎದುರು ಹಗ್ಗ ಎಳೆದರೆ ಗಂಟು ಬಿಚ್ಚಲಿಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ಓಡಿ ಬಂದು ಬಿಡಿಸಿದರು. ಆ ಅರ್ಧ ನಿಮಿಷ ಇವತ್ತಿಗೂ ಮರೆತಿಲ್ಲ.

ಕಾರ್ಯಕ್ರಮದ ದಿನ ಹಗ್ಗ ಎಳೆದು, ಬಾವುಟ ಬಿಚ್ಚಿಕೊಂಡ ಮೇಲೆ ಹಗ್ಗವನ್ನು ಪಕ್ಕದಲ್ಲಿ ನಿಂತವರ ಕೈಗೆ ಕೊಡಿ. ಒಂದು ಹೆಜ್ಜೆ ಹಿಂದೆ ಬನ್ನಿ. ಸಾವಧಾನ್. ಎನ್‌ಸಿಸಿ ಮಕ್ಕಳು 'ರಾಷ್ಟ್ರೀಯ ಸಲ್ಯೂಟ್' ಕೊಟ್ಟಾಗ ನೀವು ಸಲ್ಯೂಟ್ ಮಾಡಬಹುದು. ಮಾಡಿದರೆ ರಾಷ್ಟ್ರಗೀತೆ ಮುಗಿಯುವವರೆಗೂ ಕೈ ಇಳಿಸಬೇಡಿ. ಭುಜದ ನೋವಿದ್ದು 52 ಸೆಕೆಂಡ್ ಹಿಡಿಯೋಕೆ ಆಗಲ್ಲ ಅನ್ನಿಸಿದರೆ ಎತ್ತೋದೇ ಬೇಡ. ನಡುಗುತ್ತಾ ಅರ್ಧಕ್ಕೆ ಇಳಿಯುವ ಕೈಗಿಂತ ಅಲುಗದ ಸಾವಧಾನ್ ಎಷ್ಟೋ ಮೇಲು.

ದಾರಿಯಲ್ಲಿ, ಕ್ಯಾಂಟೀನಿನಲ್ಲಿ, ಮದುವೆ ಮನೆಯಲ್ಲಿ

ಹಳೆಯ ಕಮಾಂಡಿಂಗ್ ಆಫೀಸರ್ ಎದುರು ಸಿಕ್ಕರೆ ಕೈ ಏಳೋದು ಸಹಜ. ಇಬ್ಬರೂ ಸಿವಿಲ್‌ನಲ್ಲಿದ್ದೀರಿ. ನಿಂತು, ಮೈ ನೆಟ್ಟಗೆ ಮಾಡಿ, 'ಜೈ ಹಿಂದ್ ಸಾಬ್' ಅಂದರೆ ಅದೇ ಪೂರ್ತಿ ಗೌರವ. ಅವರು ಕೈ ಚಾಚಿದರೆ ಕೈ ಕುಲುಕಿ. ಗೇಟಿನಲ್ಲಿ ಡ್ಯೂಟಿಯಲ್ಲಿರುವ ಜವಾನ ನಿಮ್ಮ ಗುರುತಿನ ಚೀಟಿ ನೋಡಿ ಸಲ್ಯೂಟ್ ಹೊಡೆದರೆ ಸುಮ್ನೆ ಮುಂದೆ ಹೋಗಬೇಡಿ. ಒಂದು ಕ್ಷಣ ನಿಂತು, ಅವನ ಕಣ್ಣು ನೋಡಿ 'ಜೈ ಹಿಂದ್' ಅನ್ನಿ. ಕಾರಿನಲ್ಲಿದ್ದರೆ ಗಾಜು ಇಳಿಸಿ ಅನ್ನಿ.

ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಅದೇ ದಿನ ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು ಅವರು. ಅವತ್ತು ಸಭೆಗೆ ಸೇವೆಯಲ್ಲಿರುವ ಅಧಿಕಾರಿಗಳೂ ಬರುತ್ತಾರೆ. ಯೂನಿಫಾರ್ಮ್‌ನಲ್ಲಿರುವ ಚಿಕ್ಕ ವಯಸ್ಸಿನ ಕ್ಯಾಪ್ಟನ್ ಒಬ್ಬರು ಎಂಬತ್ತು ದಾಟಿದ ಸುಬೇದಾರರಿಗೆ ತಾವಾಗಿ ಸಲ್ಯೂಟ್ ಹೊಡೆದದ್ದನ್ನು ನೋಡಿದ್ದೇನೆ. ಯಾವ ನಿಯಮವೂ ಅವರನ್ನು ಕೇಳಿರಲಿಲ್ಲ.

ಸ್ಮಾರಕದಲ್ಲಿ, ಅಂತಿಮ ಯಾತ್ರೆಯಲ್ಲಿ

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಆಗಲಿ, ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕ ಆಗಲಿ, ಪುಷ್ಪಚಕ್ರ ಇಡುವ ಕ್ರಮ ಒಂದೇ. ಸಮ ಹೆಜ್ಜೆಯಲ್ಲಿ ಹೋಗಿ. ಎರಡೂ ಕೈಯಲ್ಲಿ ಇಡಿ, ರಿಬ್ಬನ್ ಮೇಲಿನ ಹೆಸರು ಹೊರಗೆ ಕಾಣಲಿ. ಎರಡು ಹೆಜ್ಜೆ ಹಿಂದೆ ಬಂದು ಸಾವಧಾನ್. ತಲೆ ಒಂದು ಕ್ಷಣ ಬಾಗಲಿ. ಆಮೇಲೆ ತಲೆ ಎತ್ತಿ, ಪಕ್ಕಕ್ಕೆ ತಿರುಗಿ ಹೊರಡಿ. ಪುಷ್ಪಚಕ್ರದ ಪಕ್ಕ ನಿಂತು ಸೆಲ್ಫಿ ಬೇಡ, ದಯವಿಟ್ಟು.

ಜೊತೆಗಿದ್ದವನ ಅಂತಿಮ ಯಾತ್ರೆ ಬೇರೆಯೇ ಮಾತು. ಶವಪೆಟ್ಟಿಗೆಯ ಮೇಲೆ ಬಾವುಟ ಹೊದಿಸಿದಾಗ ಕೇಸರಿ ತಲೆಯ ಕಡೆ ಇರಬೇಕು. ಮನೆಯವರಿಗೆ ಆ ಹೊತ್ತಿನಲ್ಲಿ ಇದೆಲ್ಲ ಹೊಳೆಯೋದಿಲ್ಲ, ನೀವು ಮೆತ್ತಗೆ ನೋಡಿಕೊಳ್ಳಿ. ಗಾರ್ಡ್‌ನವರು ಶಸ್ತ್ರ ತಲೆಕೆಳಗೆ ಹಿಡಿಯುತ್ತಾರೆ, ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ. ಬಿಗುಲ್‌ನಲ್ಲಿ ವಿದಾಯದ ರಾಗ 'ಲಾಸ್ಟ್ ಪೋಸ್ಟ್' ಶುರುವಾದಾಗ ಯೂನಿಫಾರ್ಮ್‌ನವರ ಕೈ ಏರುತ್ತೆ. ನೀವು ಸಾವಧಾನ್‌ಗೆ ಬನ್ನಿ, ಅದು ಮುಗಿಯುವವರೆಗೂ ಇರಿ. ಕಣ್ಣೀರು ಬಂದರೆ ಬರಲಿ, ಒರೆಸೋಕೆ ಕೈ ಎತ್ತಬೇಡಿ. ಚಿತೆಗೆ ಇಡುವ ಮುಂಚೆ, ಗುಂಡಿಗೆ ಇಳಿಸುವ ಮುಂಚೆ ಬಾವುಟ ತೆಗೆಯಬೇಕು. ಅದನ್ನು ಸುಡುವ ಹಾಗಿಲ್ಲ, ಮಣ್ಣಿಗೆ ಹಾಕುವ ಹಾಗೂ ಇಲ್ಲ.

ಅಲ್ಲಿ ಯಾರಾದರೂ ಹಳೆಯ ಗೆಳೆಯ ಬರಿದಲೆಯಲ್ಲಿ, ಲುಂಗಿಯಲ್ಲಿ ನಿಂತು ಪೆಟ್ಟಿಗೆಗೆ ಸಲ್ಯೂಟ್ ಹೊಡೆದರೆ? ನಾನು ಏನೂ ಹೇಳೋದಿಲ್ಲ, ನೀವೂ ಹೇಳಬೇಡಿ. ಇಷ್ಟೆಲ್ಲ ನಿಯಮ ಬರೆದವನೇ ಹೇಳುತ್ತಿದ್ದೇನೆ. ಅದು ಅವರಿಬ್ಬರ ನಡುವಿನದು.

ಮೈ ಸಹಕರಿಸದಿದ್ದರೆ

ಮಂಡಿ ನೋವು, ಊರುಗೋಲು, ಗಾಲಿಕುರ್ಚಿ ಇದ್ದವರು ಎದ್ದು ನಿಲ್ಲಲೇಬೇಕು ಅಂತ ಹಟ ಮಾಡೋದು ಬೇಡ. ಸಿನಿಮಾ ಮಂದಿರಗಳ ರಾಷ್ಟ್ರಗೀತೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅಂಗವಿಕಲರಿಗೆ ನಿಲ್ಲುವುದರಿಂದ ವಿನಾಯಿತಿ ಕೊಟ್ಟಿತ್ತು. ಕೋಲು ಹಿಡಿದವರು ಅದನ್ನು ಎಡಗೈಯಲ್ಲಿ ಊರಿಕೊಳ್ಳಿ, ಬಲಗೈ ಹೊಲಿಗೆಯ ಗೆರೆಯಲ್ಲಿ ನೇರ ಇರಲಿ. ಸಮತೋಲನ ಸಾಲದಿದ್ದರೆ ಹಿಮ್ಮಡಿ ಸೇರಿಸೋದು ಬಿಟ್ಟುಬಿಡಿ, ಬೆನ್ನು ನೆಟ್ಟಗಿದ್ದರೆ ಸಾಕು.

ನಮ್ಮ ಸಂಘದ ಕಾರ್ಯಕ್ರಮಕ್ಕೆ ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಹಿರಿಯ ಹವಾಲ್ದಾರರಿದ್ದಾರೆ. ಸಾವಧಾನ್ ಕೂಗಿದ ಕೂಡಲೇ ಬೆನ್ನನ್ನು ಕುರ್ಚಿಯಿಂದ ಬಿಡಿಸಿಕೊಳ್ಳುತ್ತಾರೆ. ಎರಡೂ ಮುಷ್ಟಿ ತೊಡೆಯ ಮೇಲೆ, ಹೆಬ್ಬೆರಳು ಮುಂದಕ್ಕೆ. ಗದ್ದ ಮೇಲೆ. ಹಾಡು ಮುಗಿಯುವವರೆಗೂ ಬೆನ್ನು ಕುರ್ಚಿಗೆ ತಾಗೋದಿಲ್ಲ. ಮುಗಿದ ಮೇಲೆ ತಮಗೆ ಮಾತ್ರ ಕೇಳುವಷ್ಟು ಮೆಲ್ಲಗೆ 'ವಿಶ್ರಾಮ್' ಅಂತ ಹೇಳಿಕೊಂಡು ಹಿಂದಕ್ಕೆ ಒರಗುತ್ತಾರೆ.